ನಾಳೆ ಬೆಳಗಿನ ಚಳಿ

ಮಾಗಿಯ ದಿನಗಳಲ್ಲಿ ರೇಡಿಯೋ ವಾರ್ತೆಯ ಕೊನೆಗೆ ಬರುವ ಹವಾ ವರ್ತಮಾನವನ್ನು ನೀವು ಕೇಳಿಯೇ ಇರುತ್ತೀರಿ. ಒಣ ಹವೆ ಇರುತ್ತದೆ, ಉಷ್ಣತೆ ತುಸು ಇಳಿಯಬಹುದು. ಇಷ್ಟೇ, ಎರಡು ಮಾತು. ಮಳೆಗಾಲದಲ್ಲಾದರೆ ಕಿವಿಗೊಟ್ಟು ಕೇಳುವ ನಾವು ಈ ಮಾತು ಬರುವ ಹೊತ್ತಿಗೆ ಎದ್ದು ಊಟಕ್ಕೆ ಹೋಗಿರುತ್ತೇವೆ. ಮಳೆ ಊರನ್ನೇ ಮುಳುಗಿಸೀತು. ಚಳಿ ಏನು ಮಾಡೀತು, ಇನ್ನೊಂದು ಕಂಬಳಿ ಹೊದೆದರಾಯಿತು ಎಂಬುದು ನಮ್ಮ ಎಣಿಕೆ. ಆದರೆ ಆ ಎರಡು ಮಾತು ನಮ್ಮ ಮನೆಯವರೆಗೆ ಬಂದುದರ ಹಿಂದೆ ಒಂದೂವರೆ ಶತಮಾನದ ಇತಿಹಾಸವಿದೆ. ತುಂಗೆ ಭದ್ರೆಯರ ಕಣಿವೆಯಲ್ಲಿ ವಾಸಿಸುವ ಶಿವಮೊಗ್ಗೆ, ಭದ್ರಾವತಿಯ ಜನರಿಗಾದರೋ ಅದು ಇಂದಿಗೂ ಅರ್ಧ ಮಾತೇ. ಉಳಿದ ಅರ್ಧ ಎಲ್ಲಿ ನಿಂತಿತು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಚಳಿಯ ಮುನ್ಸೂಚನೆ ನಮ್ಮ ಹಿರಿಯರಿಗೆ ತಿಳಿಯದ್ದೇನೂ ಅಲ್ಲ. ಸಂಜೆ ಮೋಡವಿಲ್ಲದೆ ಆಕಾಶ ತೊಳೆದಿಟ್ಟಂತಿದ್ದರೆ, ಗಾಳಿ ನಿಂತಿದ್ದರೆ, ಹಟ್ಟಿಯ ಒಲೆಯ ಹೊಗೆ ಮೇಲೇರದೆ ಸೂರಿನ ಮಟ್ಟದಲ್ಲೇ ಹಾಸಿಕೊಂಡಿದ್ದರೆ, "ಇವತ್ತು ಚಳಿ ಜೋರು" ಎಂದು ದನಗಳನ್ನು ಒಳಗೆ ಕಟ್ಟಿಸುತ್ತಿದ್ದರು. ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಓಡುತ್ತದೆ ಎಂಬ ಗಾದೆಯೂ ಒಂದು ಮುನ್ಸೂಚನೆಯೇ. ಇದರಲ್ಲಿ ನಿಜವಾದ ಜ್ಞಾನವಿದೆ. ಆದರೆ ಪಂಚಾಂಗದ ಲೆಕ್ಕವು ಚಳಿ ಯಾವಾಗ ಬಂದು ಯಾವಾಗ ಹೋಗುವುದೆಂದು ಹೇಳೀತೇ ಹೊರತು, ಈ ವರ್ಷದ ಚಳಿ ವಾಡಿಕೆಯದೋ ವಾಡಿಕೆ ಮೀರಿದ್ದೋ ಎಂದು ಹೇಳಲಾರದು. ಅದಕ್ಕೆ ಎರಡು ಸಾಮಗ್ರಿ ಬೇಕು: ಚಳಿಯನ್ನು ಅಳೆದ ಅಂಕಿ, ಮತ್ತು ಹಿಂದಿನ ಅಂಕಿಗಳ ಕಡತ.

ಅಂಕಿ ಕೊಡುವ ಸಾಧನ ಸರಳವಾದುದು. ಅಡ್ಡ ಮಲಗಿಸಿದ ಗಾಜಿನ ನಳಿಗೆಯಲ್ಲಿ ಮದ್ಯಸಾರ. ಅದರೊಳಗೆ ಸೂಜಿಯಂಥ ಒಂದು ಕಡ್ಡಿ. ರಾತ್ರಿ ತಣ್ಣಗಾದಂತೆ ಮದ್ಯಸಾರ ಕುಗ್ಗುತ್ತ ಕಡ್ಡಿಯನ್ನು ಹಿಂದಕ್ಕೆ ಎಳೆದೊಯ್ಯುತ್ತದೆ. ಬೆಳಗಾಗಿ ಹಿಗ್ಗಿದಾಗ ಕಡ್ಡಿಯನ್ನು ಅಲ್ಲೇ ಬಿಟ್ಟು ಮುಂದೆ ಹರಿಯುತ್ತದೆ. ಮುಂಜಾನೆ ನಾಲ್ಕಕ್ಕೋ ಐದಕ್ಕೋ ಬಂದು ಹೋದ ಚಳಿಯ ಗುರುತು ಎಂಟು ಗಂಟೆಗೆ ಬಂದವನಿಗೂ ಕಾಣಸಿಗುತ್ತದೆ. ಈ ನಳಿಗೆಯನ್ನು ಬಿಳಿ ಬಣ್ಣದ, ಗಾಳಿ ಆಡುವ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ ಇಡುವುದು ಪದ್ಧತಿ.

ಈ ಪೆಟ್ಟಿಗೆಗಳನ್ನು ದೇಶದಲ್ಲೆಲ್ಲ ಒಂದೇ ಕ್ರಮಕ್ಕೆ ತಂದದ್ದು 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆ. 1864ರಲ್ಲಿ ಕಲ್ಕತ್ತೆಯನ್ನು ಚಂಡಮಾರುತ ಹೊಡೆಯಿತು. 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಆ ಪೆಟ್ಟುಗಳ ಫಲವೇ ಈ ಇಲಾಖೆ. ಹೆನ್ರಿ ಬ್ಲಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥ. 1878ರಿಂದ ದಿನದಿನದ ಹವಾವರದಿ ಹೊರಟಿತು. ಹುಟ್ಟಿನ ಕಾರಣವನ್ನು ಗಮನಿಸಿ: ಬಿರುಗಾಳಿ ಮತ್ತು ಮಳೆ. ಚಳಿಯನ್ನು ಅಳೆದರು, ಬರೆದಿಟ್ಟರು. ಆದರೆ ಇಲಾಖೆಯ ಕಣ್ಣೆಲ್ಲ ಮುಂಗಾರಿನ ಮೇಲಿತ್ತು. ತಪ್ಪೆನ್ನಲಾಗದು, ಕ್ಷಾಮದ ಕಾಲ ಅದು.

ಹಾಗೆ ಬರೆದಿಟ್ಟ ಅಂಕಿಗಳಲ್ಲಿ ನಮ್ಮ ನಾಡಿನದೊಂದು ಇಂದಿಗೂ ಪ್ರಸಿದ್ಧವಾಗಿದೆ. 1884ರ ಜನವರಿ 13, ಸಂಕ್ರಾಂತಿಯ ಆಸುಪಾಸು. ಅಂದು ಬೆಂಗಳೂರಿನ ಉಷ್ಣಮಾಪಕ 46 ಡಿಗ್ರಿ ಫ್ಯಾರನ್‌ಹೀಟಿಗೆ, ಎಂದರೆ 7.8 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯಿತು. ನೂರನಾಲ್ವತ್ತು ವರ್ಷ ಕಳೆದರೂ ಬೆಂಗಳೂರು ಅದಕ್ಕಿಂತ ಕೆಳಗಿಳಿದಿಲ್ಲ. ಅಂದು ನಡುಗಿದವರ ನೆನಪು ಅವರೊಡನೆಯೇ ಹೋಯಿತು. ಉಳಿದದ್ದು ಕಡತದಲ್ಲಿನ ಆ ಒಂದು ಸಾಲು. ಈಗಲೂ ಬೆಂಗಳೂರಿನ ಪ್ರತಿಯೊಂದು ಚಳಿಗಾಲವನ್ನೂ ಆ ಸಾಲಿನ ಪಕ್ಕದಲ್ಲಿಟ್ಟು ತೂಗುತ್ತಾರೆ.

ಅದೇ ರಾತ್ರಿ ಶಿವಮೊಗ್ಗೆಯಲ್ಲಿ, ಅಂದಿನ ಬೆಂಕಿಪುರದಲ್ಲಿ, ತೀರ್ಥಹಳ್ಳಿಯ ತೋಟಗಳಲ್ಲಿ ಎಷ್ಟು ಚಳಿಯಿತ್ತು? ಈ ಪ್ರಶ್ನೆಗೆ ಬೆಂಗಳೂರಿನ ಅಂಕಿಯಿಂದ ಉತ್ತರ ಸಿಕ್ಕದು. ಮೈಸೂರು ಸಂಸ್ಥಾನವು ತನ್ನದೇ ಹವಾಮಾನ ವೀಕ್ಷಣೆಯನ್ನು ಆರಂಭಿಸಿದ್ದು 1890ರ ದಶಕದಲ್ಲಿ. ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅದರ ಹೊಣೆ ಹೊತ್ತವರು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ — ಈ ನಾಲ್ಕು ಊರುಗಳ ವೀಕ್ಷಣೆಗಳು ವರ್ಷವರ್ಷವೂ ಅಚ್ಚಾಗುತ್ತಿದ್ದವು. ಬಹಳ ಶ್ರದ್ಧೆಯ ಕೆಲಸ. ಆದರೆ ಆ ನಾಲ್ಕರಲ್ಲಿ ಶಿವಮೊಗ್ಗೆ ಇರಲಿಲ್ಲ. ಮಲೆನಾಡೆಂದರೆ ಮಳೆ ಎಂಬುದೇ ಎಲ್ಲರ ಭಾವನೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯನ್ನು ಲೋಕ ಬಲ್ಲದು. ಅದೇ ಜಿಲ್ಲೆಯ ಮಾಗಿಯ ರಾತ್ರಿಯನ್ನು ಕೇಳಿದವರು ಕಡಿಮೆ.

ಹತ್ತಿರದ ಊರಿನ ಅಂಕಿಯೇ ಸಾಲದೆ ಎಂದು ನೀವು ಕೇಳಬಹುದು. ಬಯಲಿನಲ್ಲಾದರೆ ಸಾಕಾದೀತು, ಕಣಿವೆಯಲ್ಲಿ ಸಾಲದು. ಎತ್ತರ ಏರಿದಷ್ಟೂ ತಂಪು ಎಂಬುದು ಸಾಮಾನ್ಯ ನಿಯಮ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಶಿವಮೊಗ್ಗೆ ಸುಮಾರು 570. ಆ ಲೆಕ್ಕದಲ್ಲಿ ಶಿವಮೊಗ್ಗೆ ಎರಡು ಡಿಗ್ರಿಯಾದರೂ ಬೆಚ್ಚಗಿರಬೇಕು. ಆದರೆ ಮಾಗಿಯ ತಿಳಿ ರಾತ್ರಿಯಲ್ಲಿ ಈ ನಿಯಮ ತಲೆಕೆಳಗಾಗುವುದುಂಟು. ನೆಲವು ಹಗಲು ಕುಡಿದ ಶಾಖವನ್ನು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದೇ ಕಂಬಳಿ. ಇಲ್ಲದಿದ್ದರೆ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಗುಲಿದ ಗಾಳಿಯೂ ತಣಿದು ಭಾರವಾಗಿ, ಹಳ್ಳದ ನೀರಿನಂತೆ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಗುಡ್ಡದ ಮೇಲಿನ ಮನೆಗಿಂತ ಕಣಿವೆಯ ತೋಟದ ಮನೆ ಹೆಚ್ಚು ಕೊರೆಯುವುದಕ್ಕೆ ಇದೇ ಕಾರಣ. ಹಿರಿಯರು ಕಂಡ, ಸೂರಿನ ಮಟ್ಟದಲ್ಲಿ ಹಾಸಿದ ಹೊಗೆಯ ಮರ್ಮವೂ ಇದೇ: ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಾಗ ಹೊಗೆಗೆ ಮೇಲೇರಲು ದಾರಿಯಿಲ್ಲ.

ನೆಲಕ್ಕೆ ಇನ್ನೂ ಹತ್ತಿರ ಹೋದರೆ ಸೋಜಿಗ ಹೆಚ್ಚುತ್ತದೆ. 1932ರಲ್ಲಿ ಎಲ್. ಎ. ರಾಮದಾಸ್ ಎಂಬ ಭಾರತೀಯ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿ ಆತ್ಮನಾಥನ್ ಒಂದು ಸಂಗತಿಯನ್ನು ಪ್ರಕಟಿಸಿದರು. ಗಾಳಿಯಾಡದ ತಿಳಿ ರಾತ್ರಿಗಳಲ್ಲಿ ಅತ್ಯಂತ ತಣ್ಣನೆಯ ಜಾಗ ಬರಿನೆಲವಲ್ಲ. ನೆಲದಿಂದ ಗೇಣು, ಎರಡು ಗೇಣು ಮೇಲಿನ ಗಾಳಿ. ಪರದೇಶದ ಪಂಡಿತರು ಬಹುಕಾಲ ಇದನ್ನು ನಂಬಲಿಲ್ಲ. ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದಕ್ಕೆ ಗಣಿತದ ವಿವರಣೆ ಕೊಟ್ಟರು; ಆಮೇಲೆ ಬೆಂಗಳೂರಿನಲ್ಲೇ ನಡೆದ ಪ್ರಯೋಗಗಳು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಕಡೆಗೂ ಬೆರಳು ತೋರಿಸಿದವು. ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ನಾಲ್ಕಡಿ ಎತ್ತರದ ಪೆಟ್ಟಿಗೆ ಹೇಳುವ ಚಳಿ ಒಂದು, ಎಳೆ ಸಸಿ ಅನುಭವಿಸುವ, ಬಯಲಿನಲ್ಲಿ ಚಾಪೆ ಹಾಸಿ ಮಲಗಿದ ಕೂಲಿಯವನು ಅನುಭವಿಸುವ ಚಳಿ ಮತ್ತೊಂದು.

ಅತ್ತ, ದೊಡ್ಡ ಪ್ರಮಾಣದ ಮುನ್ಸೂಚನೆ ದಾಪುಗಾಲು ಹಾಕಿತು. ಮೊದಲು ತಂತಿ ಬಂತು. ಹಲವು ಊರುಗಳ ಅಂಕಿ ಒಂದೇ ದಿನ ಒಂದೇ ನಕ್ಷೆಗೆ ಇಳಿಯಿತು. 1930ರ ದಶಕದಲ್ಲಿ ಬಲೂನಿಗೆ ಪುಟ್ಟ ರೇಡಿಯೋ ಕಟ್ಟಿ ಮೇಲಿನ ಗಾಳಿಯ ಸಮಾಚಾರ ತರಿಸಿದರು. 1950ರಲ್ಲಿ ಅಮೆರಿಕದಲ್ಲಿ ಗಣಕಯಂತ್ರ ಮೊದಲ ಬಾರಿ ಹವೆಯನ್ನು ಲೆಕ್ಕ ಹಾಕಿತು. 1960ರಲ್ಲಿ ಉಪಗ್ರಹವೊಂದು ಮೋಡಗಳ ಚಿತ್ರ ಕಳುಹಿಸಿತು. ಇಂದು ಉತ್ತರದ ಒಣ ಶೀತಗಾಳಿ ದಖ್ಖನ್ನಿಗೆ ಇಳಿಯುವುದನ್ನು ದಿನಗಳ ಮುಂಚೆಯೇ ಕಂಡು, ಬೀದರ, ಕಲಬುರಗಿ, ವಿಜಯಪುರದ ಕಡೆಗೆ ಎಚ್ಚರಿಕೆ ಕೊಡುವುದು ಸಾಧ್ಯವಾಗಿದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಕವಿದು ನಮ್ಮ ಚಳಿ ಒಮ್ಮೆಲೇ ಮುರಿಯುವುದನ್ನೂ ಹೇಳಬಲ್ಲರು.

ಆದರೆ "ಶೀತ ಅಲೆ" ಎಂದು ಸಾರಲು ಇಲಾಖೆಗೆ ಒಂದು ಕಟ್ಟಳೆಯಿದೆ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು. ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆಯಾಗಿರಬೇಕು. ಈ "ವಾಡಿಕೆ" ಎಂಬ ಪದದಲ್ಲೇ ನಮ್ಮ ಕೊರತೆ ಅಡಗಿದೆ. ಹಲವು ದಶಕಗಳ ಅಂಕಿಯಿದ್ದಲ್ಲಿ ಮಾತ್ರ ವಾಡಿಕೆ ಎಂಬುದುಂಟು. ಇಂದು ಶಿವಮೊಗ್ಗೆಗೆ ವೀಕ್ಷಣಾಲಯವಿದೆ; ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಹೋಬಳಿಗಳಿಗೂ ಬಂದಿವೆ. ಅವಕ್ಕೆ ವಯಸ್ಸಾಗಬೇಕು. ಯಂತ್ರವನ್ನು ಒಂದು ದಿನದಲ್ಲಿ ನಿಲ್ಲಿಸಬಹುದು, ಮೂವತ್ತು ವರ್ಷದ ಕಡತವನ್ನು ಒಂದು ದಿನದಲ್ಲಿ ಕೊಂಡು ತರಲಾಗದು.

ಅಲ್ಲಿಯವರೆಗೆ ಕಣಿವೆಯ ಲೆಕ್ಕವನ್ನು ನಾವೇ ಸೇರಿಸಿಕೊಳ್ಳಬೇಕು. ರೇಡಿಯೋ "ಒಣ ಹವೆ, ಉಷ್ಣತೆ ಇಳಿಯಬಹುದು" ಎಂದ ಸಂಜೆ ಒಮ್ಮೆ ಅಂಗಳಕ್ಕೆ ಬನ್ನಿ. ಆಕಾಶ ತಿಳಿಯಾಗಿದೆಯೆ, ಗಾಳಿ ನಿಂತಿದೆಯೆ, ಮನೆ ತಗ್ಗಿನಲ್ಲಿದೆಯೆ? ಮೂರಕ್ಕೂ ಹೌದಾದರೆ ವರದಿಗಿಂತ ಹೆಚ್ಚಿನ ಚಳಿಗೆ ಸಿದ್ಧರಾಗಿ. ಬಾಣಂತಿ, ಹಸುಗೂಸು, ವಯಸ್ಸಾದವರನ್ನು ಒಳಕೋಣೆಗೆ ಮಲಗಿಸಿ. ರಾತ್ರಿ ಅಡಿಕೆ ಸುಲಿದು ಚಪ್ಪರದಡಿ ಮಲಗುವ ಆಳುಗಳಿಗೆ ಕಂಬಳಿ ಇದೆಯೇ ನೋಡಿ. ಒಂದು ಮಾತನ್ನು ಮರೆಯಬೇಡಿ: ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಬಾರದು. ಅದರಿಂದ ಹೊರಡುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಅಂಜಿ ಮಲಗಿದವರನ್ನು ಅದು ಏಳಗೊಡುವುದಿಲ್ಲ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಇನ್ನೊಂದು ಸೂಚನೆ. ಕನಿಷ್ಠ ಉಷ್ಣತೆ ತೋರಿಸುವ ಮಾಪಕವೊಂದನ್ನು ಹಿತ್ತಿಲಿನ ನೆರಳಿನಲ್ಲಿ ಕಟ್ಟಿ, ದಿನವೂ ಬೆಳಿಗ್ಗೆ ಒಂದು ಅಂಕಿಯನ್ನು ಪುಸ್ತಕದಲ್ಲಿ ಬರೆಸಿ. ಬೆಂಗಳೂರಿಗೆ 1884ರ ಆ ಬೆಳಗು ದಕ್ಕಿದ್ದು ಯಾರೋ ಒಬ್ಬರು ನಡುಗುವ ಚಳಿಯಲ್ಲಿ ಎದ್ದು ಹೋಗಿ, ನೋಡಿ, ಬರೆದಿಟ್ಟದ್ದರಿಂದ. ಭದ್ರಾವತಿಯ ಒಂದು ಹಿತ್ತಿಲಿನ ಪುಸ್ತಕವೂ ಮುಂದೊಂದು ದಿನ ನಮ್ಮ ಮೊಮ್ಮಕ್ಕಳಿಗೆ, "ನಾಳೆ ಬೆಳಿಗ್ಗೆ ಎಂದಿಗಿಂತ ಹೆಚ್ಚು ಚಳಿ, ಜೋಕೆ" ಎಂದು ಹೇಳಲು ನೆರವಾದೀತು.