ನಸುಕಿನ ಚಳಿಗೆ ಲಾರಿ, ಟ್ರ್ಯಾಕ್ಟರ್ ಚಾಲೂ ಆಗ್ತಿಲ್ವಾ? ಬ್ಯಾಟರಿ ಕಾಳಜಿ ಹೀಗಿರಲಿ

ಹೂವಿನ ಹಿಪ್ಪರಗಿ: ಡಿಸೆಂಬರ್, ಜನವರಿ ಅಂದ್ರೆ ಈ ಭಾಗದಲ್ಲಿ ಕಬ್ಬು ಸಾಗಣೆಯ ಹಂಗಾಮು. ಅದೇ ಹೊತ್ತಿಗೆ ಚಳಿಯೂ ಜೋರು. ಕೆಲವು ದಿನ ನಸುಕಿನಲ್ಲಿ ಉಷ್ಣಾಂಶ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹೊಲದಲ್ಲಿ ನಿಲ್ಲಿಸಿದ ಗಾಡಿ ಬೆಳಗ್ಗೆ ಚಾಲೂ ಆಗದಿದ್ದರೆ ಕಾರ್ಖಾನೆಯ ಸರದಿ ತಪ್ಪುತ್ತದೆ, ಕಡಿದ ಕಬ್ಬು ಒಣಗಿ ತೂಕವೂ ಇಳಿಯುತ್ತದೆ.

ಯಾಕೆ ಹೀಗಾಗುತ್ತೆ?
ಡೀಸೆಲ್ ಎಂಜಿನ್‌ಗೆ ಕಿಡಿ ಇಲ್ಲ. ಒತ್ತಡಕ್ಕೆ ಗಾಳಿ ಬಿಸಿಯಾದರೆ ಮಾತ್ರ ಡೀಸೆಲ್ ಹೊತ್ತಿಕೊಳ್ಳುತ್ತದೆ. ಚಳಿಗೆ ಆಯಿಲ್ ದಪ್ಪವಾಗಿ ಎಂಜಿನ್ ತಿರುಗಿಸಲು ಹೆಚ್ಚು ಕರೆಂಟ್ ಬೇಕು. ಆದರೆ ಬ್ಯಾಟರಿಯ ಶಕ್ತಿ ಆಗಲೇ ಕುಗ್ಗಿರುತ್ತದೆ. 0 ಡಿಗ್ರಿಯಲ್ಲಿ ಅದು ಸುಮಾರು ಶೇ 20ರಷ್ಟು ಕಡಿಮೆಯಾಗುತ್ತದೆ.

ಲಡಾಖ್‌ನಂಥ ಕಡೆ ಡೀಸೆಲ್ಲೇ ಗಟ್ಟಿಯಾಗುತ್ತದೆ. ಅದಕ್ಕೇ 2019ರಲ್ಲಿ ಇಂಡಿಯನ್ ಆಯಿಲ್ ಅಲ್ಲಿಗೆ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ನಮ್ಮಲ್ಲಿ ಆ ಚಿಂತೆ ಇಲ್ಲ. ಇಲ್ಲಿ ಬ್ಯಾಟರಿ ಹಾಳು ಮಾಡೋದು ಬೇಸಿಗೆಯ 40 ಡಿಗ್ರಿ ಬಿಸಿಲು. ಚಳಿ ಬಂದಾಗ ಅದು ಗೊತ್ತಾಗುತ್ತೆ ಅಷ್ಟೇ.

ಏನು ಮಾಡಬೇಕು?
* ಗಾಡಿ ನಿಲ್ಲಿಸಿ ಕೆಲ ಗಂಟೆಯಾದ ಮೇಲೆ ವೋಲ್ಟೇಜ್ ನೋಡಿಸಿ. 12 ವೋಲ್ಟ್ ಬ್ಯಾಟರಿಗೆ 12.6 ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಅರ್ಧ. ಅರ್ಧ ಇದ್ದರೆ ಚಾರ್ಜ್ ಮಾಡಿಸಿಯೇ ರಾತ್ರಿ ನಿಲ್ಲಿಸಿ.
* ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿ ತೆಗೆದು, ಬಿಗಿ ಮಾಡಿ, ವ್ಯಾಸಲೀನ್ ಹಚ್ಚಿ. ಅರ್ಥ್ ವೈರ್ ಮರೆಯಬೇಡಿ.
* ನೀರು ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರು ಬೇಡ.
* ಗಾಳಿ ತಾಗದಂತೆ ಗೋಡೆಯ ಮರೆಗೆ ನಿಲ್ಲಿಸಿ. ಎಂಜಿನ್ ತಣಿದ ಮೇಲೆ ಬ್ಯಾಟರಿ ಪೆಟ್ಟಿಗೆಗೆ ಒಣ ಗೋಣಿಚೀಲ ಹೊದಿಸಿ, ಚಾಲೂ ಮಾಡುವ ಮುಂಚೆ ತೆಗೆಯಿರಿ. ಇದು ಬಿಸಿ ಕಾಯ್ದಿಡುತ್ತೆ, ಚಾರ್ಜ್ ಕೊಡಲ್ಲ.
* ಹೀಟರ್ ಇರುವ ಗಾಡಿಯಲ್ಲಿ ಅದರ ದೀಪ ಆರುವವರೆಗೆ ಕಾಯಿರಿ. ಕ್ಲಚ್ ಒತ್ತಿ, ಹೆಡ್‌ಲೈಟ್, ಟೇಪ್ ಬಂದ್ ಮಾಡಿ ಸೆಲ್ಫ್ ಹೊಡೆಯಿರಿ. ಒಮ್ಮೆಗೆ 10 ಸೆಕೆಂಡ್ ಸಾಕು. ಮತ್ತೆ ಹೊಡೆಯುವ ಮೊದಲು ಒಂದು ನಿಮಿಷ ಬಿಡಿ.

ಇದನ್ನು ಮಾಡಲೇಬೇಡಿ
ಎಂಜಿನ್ ಕೆಳಗೆ ಕಸ ಹೊತ್ತಿಸಿ ಕಾಯಿಸಬೇಡಿ. ಬ್ಯಾಟರಿಯಿಂದ ಬರುವ ಹೈಡ್ರೋಜನ್ ಅನಿಲಕ್ಕೆ ಬೀಡಿಯ ಕಿಡಿ ಸಾಕು, ಸಿಡಿದು ಆ್ಯಸಿಡ್ ಕಣ್ಣಿಗೆ ಹಾರಬಹುದು. ಹಾರಿದರೆ ತಕ್ಷಣ ಸಾಕಷ್ಟು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ. 24 ವೋಲ್ಟ್ ಲಾರಿಯಿಂದ 12 ವೋಲ್ಟ್ ಟ್ರ್ಯಾಕ್ಟರ್‌ಗೆ ನೇರ ವೈರ್ ಕೊಡಬೇಡಿ. ಲಾರಿಯ ಎರಡು ಬ್ಯಾಟರಿಗಳಲ್ಲಿ ಹಳೆಯದರ ಜೊತೆ ಹೊಸದೊಂದನ್ನು ಜೋಡಿಸಿದರೆ ಹೊಸದೂ ಬೇಗ ಕೆಡುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ.