ಬಾವುಟ ಹಿಡಿದ ಹೆಣ್ಣು ಮತ್ತು ನಮ್ಮ ಚೆನ್ನಮ್ಮ



ಸಿರಸಂಗಿಯ ಕಾಳಿಕಾದೇವಿಗೆ ನಡೆದುಕೊಳ್ಳುವ ನಮಗೆ ಸಂಕೇತಗಳ ಭಾಷೆ ಹೊಸದಲ್ಲ. ದೇವಿಯ ಕೈಯ ಆಯುಧ ಬರಿಯ ಆಯುಧವಲ್ಲವೆಂಬುದನ್ನು ಅಕ್ಷರವರಿಯದ ಅಜ್ಜಿಯೂ ಬಲ್ಲಳು. ಅದೇ ಕಣ್ಣಿನಿಂದ ಒಂದು ಫ್ರೆಂಚ್ ಚಿತ್ರವನ್ನು ನೋಡೋಣ.

1830ರ ಜುಲೈ 27ರಿಂದ 29ರವರೆಗೆ ಪ್ಯಾರಿಸ್ಸಿನ ಜನರು ಬೀದಿಗಳಲ್ಲಿ ಅಡ್ಡಗಟ್ಟೆ ಹಾಕಿ ಕಾದಾಡಿದರು. ದೊರೆ ಹತ್ತನೆಯ ಚಾರ್ಲ್ಸ್ ಪಟ್ಟ ಬಿಡಬೇಕಾಯಿತು. ಅದೇ ವರ್ಷ ಯೂಜೀನ್ ಡೆಲಕ್ರವಾ ‘ಜನರನ್ನು ಮುನ್ನಡೆಸುವ ಸ್ವಾತಂತ್ರ್ಯ’ ಎಂಬ ಚಿತ್ರವನ್ನು ರಚಿಸಿದನು. ಅದರ ನಡುವೆ ಬರಿಗಾಲಿನ ಹೆಣ್ಣೊಬ್ಬಳು ಒಂದು ಕೈಯಲ್ಲಿ ತ್ರಿವರ್ಣ ಬಾವುಟ, ಇನ್ನೊಂದರಲ್ಲಿ ಬಂದೂಕು ಹಿಡಿದು ಮುಂದಡಿಯಿಡುತ್ತಿದ್ದಾಳೆ. ತಲೆಯ ಮೇಲಿನ ಟೊಪ್ಪಿಗೆ ರೋಮಿನಲ್ಲಿ ಬಿಡುಗಡೆ ಹೊಂದಿದ ಗುಲಾಮರ ಟೊಪ್ಪಿಗೆಯನ್ನು ನೆನಪಿಸುತ್ತದೆ. ಅವಳು ಯಾವ ವ್ಯಕ್ತಿಯೂ ಅಲ್ಲ. ಸ್ವಾತಂತ್ರ್ಯವೆಂಬ ಭಾವಕ್ಕೆ ಕೊಟ್ಟ ಮೈ. ಎತ್ತರದ ಹ್ಯಾಟಿನವನು, ಕತ್ತಿ ಹಿಡಿದ ಕೂಲಿಕಾರ, ಎರಡು ಪಿಸ್ತೂಲುಗಳ ಹುಡುಗ ಅವಳೊಡನೆ ನಡೆದಿದ್ದಾರೆ.

ಆದರೂ ಚಿತ್ರದ ಭಾವ ಬರಿಯ ವಿಜಯೋತ್ಸಾಹವಲ್ಲ. ನೋಡುವವನ ಕಾಲ ಬುಡದಲ್ಲೇ ಹೆಣಗಳು ಬಿದ್ದಿವೆ. ಅವುಗಳಲ್ಲಿ ದೊರೆಯ ಸೈನಿಕರೂ ಇದ್ದಾರೆ. ಗಾಯಗೊಂಡವನೊಬ್ಬ ಮೊಣಕಾಲೂರಿ ಅವಳತ್ತ ಮುಖವೆತ್ತಿದ್ದಾನೆ; ಅವನ ಉಡುಪಿನಲ್ಲಿಯೂ ಬಾವುಟದ ನೀಲಿ, ಬಿಳಿ, ಕೆಂಪು ಬಣ್ಣಗಳೇ. ಬಾವುಟವನ್ನು ನೇಯ್ದದ್ದು ಇಂಥವರ ಬಾಳಿನಿಂದ ಎಂಬುದೇ ಇದರ ಅರ್ಥವೆಂದು ನನ್ನ ಎಣಿಕೆ. 1831ರಲ್ಲಿ ಚಿತ್ರವನ್ನು ಕೊಂಡ ಸರಕಾರವೇ, ಜನ ಮತ್ತೆ ಕೆರಳಿಯಾರೆಂದು ಅಂಜಿ ಅದನ್ನು ಮರೆಗೆ ಸರಿಸಿತು. ಈಗ ಅದು ಲೂವ್ರ್ ಸಂಗ್ರಹಾಲಯದಲ್ಲಿದೆ. 2024ರಲ್ಲಿ ಹಳೆಯ ಹಳದಿ ಮೆರುಗೆಣ್ಣೆಯನ್ನು ತೆಗೆದ ಮೇಲೆ ಬಣ್ಣಗಳು ಮರಳಿ ಬೆಳಗಿವೆ.

ಇತ್ತ ನಮ್ಮ ಕಿತ್ತೂರಿನಲ್ಲಿ ನಡೆದದ್ದು ಇದರ ವಿಪರ್ಯಾಸ. ಅಲ್ಲಿ ಭಾವವು ಹೆಣ್ಣಾಯಿತು. ಇಲ್ಲಿ ನಿಜವಾದ ಹೆಣ್ಣೊಬ್ಬಳು ಭಾವವಾದಳು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ನಾಲ್ಕು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದು, 1829ರ ಫೆಬ್ರವರಿಯಲ್ಲಿ ಅಲ್ಲಿಯೇ ಕಣ್ಮುಚ್ಚಿದಳು. ಡೆಲಕ್ರವಾನ ಚಿತ್ರ ಪ್ರದರ್ಶನಗೊಂಡ 1831ರಲ್ಲಿಯೇ ಸಂಗೊಳ್ಳಿ ರಾಯಣ್ಣ ನಂದಗಡದಲ್ಲಿ ಗಲ್ಲಿಗೇರಿದನು.

ನಮ್ಮ ಕ್ಯಾಲೆಂಡರುಗಳಲ್ಲಿ, ಪ್ರತಿಮೆಗಳಲ್ಲಿ ಚೆನ್ನಮ್ಮ ಕುದುರೆಯೇರಿ ಕತ್ತಿ ಹಿಡಿದಿದ್ದಾಳೆ. ಅದು ಯೋಗ್ಯವೇ. ಆದರೆ ಆ ಸೆರೆಮನೆಯ ದೀರ್ಘ ಮೌನವನ್ನು ಯಾವ ಚಿತ್ರದಲ್ಲಿ ಕಾಣೋಣ? ಡೆಲಕ್ರವಾ ಗೆಲುವನ್ನು ಬರೆಯುವಾಗಲೂ ಬೆಲೆಯನ್ನು ಮುಚ್ಚಿಡಲಿಲ್ಲ. ಬೈಲಹೊಂಗಲದ ಸಮಾಧಿಗೆ ಮಕ್ಕಳನ್ನು ಕರೆದೊಯ್ದಾಗ ಕತ್ತಿಯ ಕಥೆಯೊಡನೆ ಆ ಸೆರೆಯ ಕಥೆಯನ್ನೂ ಹೇಳಿರಿ.