ಭೀಮಾತೀರದ ಫಿರೋಜಾಬಾದ್ ದುರ್ಗವೂ ಅದರ ಲೇಖ್ಯಗಳೂ

ಅರ್ಥಶಾಸ್ತ್ರಕಾರನಾದ ಕೌಟಿಲ್ಯನು ದುರ್ಗಗಳನ್ನು ಔದಕ, ಪಾರ್ವತ, ಧಾನ್ವನ, ವನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಅದೇ ಗ್ರಂಥದಲ್ಲಿ ಅಕ್ಷಪಟಲವೆಂಬ ಲೆಕ್ಕಪತ್ರಗಳ ಶಾಲೆಯನ್ನು ಪೂರ್ವಾಭಿಮುಖವಾಗಿಯೋ ಉತ್ತರಾಭಿಮುಖವಾಗಿಯೋ ಕಟ್ಟಿಸಿ, ನಿಬಂಧಪುಸ್ತಕಗಳನ್ನಿರಿಸಲು ತಕ್ಕ ಸ್ಥಾನವನ್ನು ಏರ್ಪಡಿಸಬೇಕೆಂದೂ ವಿಧಿಸಿರುವನು. ರಾಜ್ಯಕ್ಕೆ ಕೋಟೆಯು ಎಷ್ಟು ಅವಶ್ಯವೋ ಕಡತವೂ ಅಷ್ಟೇ ಅವಶ್ಯವೆಂಬುದು ಇದರಿಂದ ವಿಶದವಾಗುವುದು. ಆದರೆ ಕಾಲಗತಿಯಲ್ಲಿ ಇವೆರಡೂ ಒಟ್ಟಿಗೆ ಉಳಿಯುವುದು ವಿರಳ. ಕಲಬುರ್ಗಿ ಪ್ರಾಂತದ ಫಿರೋಜಾಬಾದ್ ದುರ್ಗವು ಇದಕ್ಕೆ ತಕ್ಕ ನಿದರ್ಶನವಾಗಿರುವುದು.

ಆಳಂದ ಸೀಮೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವುದೆಂಬುದು ಯಾತ್ರಿಕರೆಲ್ಲರಿಗೂ ತಿಳಿದ ವಿಷಯ. ಆ ಸಂಗಮದಿಂದ ಕೆಳಗೆ ಸಾಗಿದ ಭೀಮೆಯು ಜೇವರ್ಗಿ ಸೀಮೆಯನ್ನು ಮುಟ್ಟುವಲ್ಲಿ, ನದಿಯ ಪೂರ್ವದಡದ ಮೇಲೆ, ಕಲಬುರ್ಗಿಗೆ ದಕ್ಷಿಣದಲ್ಲಿ ಸುಮಾರು 27 ಕಿಲೋಮೀಟರು ದೂರಕ್ಕೆ ಈ ದುರ್ಗದ ಅವಶೇಷಗಳಿರುವುವು. 1397ರಿಂದ 1422ರ ವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜಶಾಹನು 1400ರ ಸುಮಾರಿಗೆ ಇದನ್ನು ಕಟ್ಟಿಸಲು ತೊಡಗಿ ತನ್ನ ಹೆಸರನ್ನೇ ಇಟ್ಟನು. ಪಶ್ಚಿಮಕ್ಕೆ ಭೀಮೆಯೇ ರಕ್ಷೆ. ಉಳಿದ ಮೂರು ದಿಕ್ಕುಗಳಿಗೆ ದಪ್ಪವಾದ ಕಲ್ಲಿನ ಗೋಡೆ. ಬೆಟ್ಟವಿಲ್ಲದ ಬಯಲಿನಲ್ಲಿ ನದಿಯನ್ನು ಕೋಟೆಯ ಒಂದು ಪಾರ್ಶ್ವವನ್ನಾಗಿ ಮಾಡಿಕೊಂಡ ಈ ಯುಕ್ತಿಯು ಪ್ರಶಂಸನೀಯವಾದುದು. ಆದರೆ 1422ರಲ್ಲಿ ಫಿರೋಜನ ತಮ್ಮನಾದ ಅಹಮದಶಾಹನು ಪಟ್ಟವನ್ನೇರಿದನು. ಕೆಲವು ವರ್ಷಗಳಲ್ಲಿಯೇ ರಾಜಧಾನಿಯು ಬೀದರಕ್ಕೆ ಹೋಯಿತು. ಫಿರೋಜಾಬಾದಿನ ವೈಭವವೂ ಕುಂದಿತು.

ಈ ನಗರದ ವರ್ಣನೆಗೆ ಮುಖ್ಯ ಆಧಾರವು ಫಿರಿಸ್ತಾ ಎಂಬ ಇತಿಹಾಸಕಾರನ ಪಾರಸೀ ಗ್ರಂಥ. ಆತನು ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ, ಅಂದರೆ ನಗರವು ಹುಟ್ಟಿ ಸುಮಾರು ಇನ್ನೂರು ವರ್ಷಗಳಾದ ಮೇಲೆ, ಬರೆದವನು. ಅಗಲವಾದ ಬೀದಿಗಳನ್ನೂ, ನದಿಯ ಕಡೆಯ ಅರಮನೆಯಲ್ಲಿ ಒಂದಕ್ಕೊಂದು ಸೇರದ ಅನೇಕ ಅಂಗಳಗಳನ್ನೂ, ಅವುಗಳಿಗೆ ಭೀಮೆಯಿಂದ ತಂದ ಕಾಲುವೆಯ ನೀರನ್ನೂ ಆತನು ವರ್ಣಿಸಿರುವನು. ಇಷ್ಟು ತಡವಾಗಿ ಬರೆದ ಮಾತನ್ನು ಪರೀಕ್ಷಿಸದೆ ಅಂಗೀಕರಿಸುವುದು ಇತಿಹಾಸಧರ್ಮವಲ್ಲ. ಪರೀಕ್ಷೆಗೆ ಕೋಟೆಯ ನೆಲವೇ ಒರೆಗಲ್ಲು. ಜಾಮಿ ಮಸೀದಿಯ ಹಿಂದೆ, ನದಿಯ ಕಡೆಗೆ, ಗೋಡೆಗಳಿಂದ ಪ್ರತ್ಯೇಕಿಸಿದ ಅರಮನೆಯ ಆವರಣಗಳು ಇಂದಿಗೂ ಕಾಣಬರುವುವು. ಕಮಾನು ಗುಮ್ಮಟಗಳುಳ್ಳ ಸ್ನಾನಗೃಹಗಳೂ ಇರುವುವು. ಅಂಗಳಗಳ ವಿಷಯದಲ್ಲಿ ಗ್ರಂಥದ ಮಾತಿಗೂ ನೆಲದ ಸಾಕ್ಷ್ಯಕ್ಕೂ ಹೊಂದಿಕೆಯುಂಟು.

ಕಲಬುರ್ಗಿ ಕೋಟೆಯೊಳಗಿನ ಜಾಮಿ ಮಸೀದಿಗೆ 1367ರ ಶಿಲಾಶಾಸನವಿದ್ದು, ನಿರ್ಮಾಪಕನಾದ ರಫೀ ಎಂಬವನ ಹೆಸರೂ ಅದರಲ್ಲಿ ಉಳಿದಿರುವುದು. ಬೀದರದ ಕೋಟೆ ಕಟ್ಟಡಗಳನ್ನು ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಗುಲಾಮ್ ಯಜ್ದಾನಿಯವರು ಶೋಧಿಸಿ 1947ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಫಿರೋಜಾಬಾದಿಗೆ ಅಂತಹ ಭಾಗ್ಯವು ತಡವಾಗಿ ಬಂದಿತು. ಜಾರ್ಜ್ ಮಿಶೆಲ್ ಮತ್ತು ರಿಚರ್ಡ್ ಈಟನ್ ಎಂಬ ವಿದ್ವಾಂಸರು ಅದರ ಅವಶೇಷಗಳನ್ನು ಪರಿಶೀಲಿಸಿ ಬರೆದ ಸ್ವತಂತ್ರ ಗ್ರಂಥವು ಹೊರಬಂದದ್ದು 1992ರಲ್ಲಿ. ನಗರವು ಹುಟ್ಟಿ ಆಗಲೇ ಸುಮಾರು ಆರುನೂರು ವರ್ಷಗಳಾಗಿದ್ದುವು.

ಲೇಖ್ಯಗಳ ಬೆಲೆಯನ್ನು ತಿಳಿಯಲು ದೂರದೇಶದ ಒಂದು ಉದಾಹರಣೆಯನ್ನು ನೋಡಬಹುದು. ಉತ್ತರ ಅಮೆರಿಕೆಯ ಕೇಪ್ ಬ್ರೆಟನ್ ದ್ವೀಪದಲ್ಲಿ ಫ್ರೆಂಚರು 18ನೆಯ ಶತಮಾನದ ಪೂರ್ವಭಾಗದಲ್ಲಿ ಲೂಯಿಬೂರ್ ಎಂಬ ಕೋಟೆಯನ್ನು ಕಟ್ಟಿದರು. ಇಂಗ್ಲಿಷರು 1758ರಲ್ಲಿ ಅದನ್ನು ಗೆದ್ದು, 1760ರಲ್ಲಿ ಅದರ ಗೋಡೆಗಳನ್ನು ಸಿಡಿಮದ್ದಿನಿಂದ ಕೆಡವಿದರು. ಆದರೆ ಕೋಟೆಯ ನಕ್ಷೆಗಳೂ ಲೆಕ್ಕಪತ್ರಗಳೂ ಫ್ರಾನ್ಸಿನ ದಫ್ತರಗಳಲ್ಲಿ ಭದ್ರವಾಗಿದ್ದುವು. ಸುಮಾರು 500 ನಕ್ಷೆಗಳನ್ನೂ ಲಕ್ಷಾಂತರ ಪುಟಗಳ ಕಾಗದಪತ್ರಗಳನ್ನೂ ಶೋಧಿಸಿ, ನೆಲವನ್ನೂ ಅಗೆದು ನೋಡಿ, ಕ್ಯಾನಡಾ ಸರಕಾರವು 1961ರಿಂದ ಆ ನಗರದ ಸುಮಾರು ನಾಲ್ಕನೆಯ ಒಂದು ಭಾಗವನ್ನು ಮರಳಿ ಕಟ್ಟಿಸಿತು. ಅಲ್ಲಿ ಕಲ್ಲು ಹೋದರೂ ಕಾಗದವುಳಿಯಿತು. ಆದುದರಿಂದ ಕಲ್ಲು ಮರಳಿ ಬಂದಿತು. ಫಿರೋಜಾಬಾದಿನ ಸ್ಥಿತಿಯು ಇದಕ್ಕೆ ವಿಪರೀತ. ಇಲ್ಲಿ ಉಳಿದ ಕಲ್ಲೇ ಕಡತ. ಒಂದು ಗೋಡೆಯ ಬುನಾದಿಯನ್ನು ಕಿತ್ತು ಬದುವಿಗೆ ಹಾಕಿದರೆ, ಪ್ರತಿಯಿಲ್ಲದ ಓಲೆಯ ಒಂದು ಗರಿಯನ್ನು ಒಲೆಗೆ ಹಾಕಿದಂತೆಯೇ ಸರಿ.

ಈ ಮಾತು ದೊಡ್ಡ ದುರ್ಗಗಳಿಗೆ ಮಾತ್ರ ಸಲ್ಲುವುದಲ್ಲ. ಈ ಸೀಮೆಯ ಹಳ್ಳಿಗಳ ಅಗಸಿ, ಹುಡೇವು, ವಾಡೆಗಳಿಗೂ ಇದು ಅನ್ವಯಿಸುವುದು. ಇವುಗಳನ್ನು ಅರಸರ ಚರಿತ್ರಕಾರರು ವರ್ಣಿಸಲಾರರು. ದೂರದ ವಿದ್ವಾಂಸರು ಬಂದು ಅಳೆಯುವರೆಂಬ ನಿಶ್ಚಯವೂ ಇಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳ ಉಪಾಧ್ಯಾಯರು ವಿದ್ಯಾರ್ಥಿಗಳೊಡನೆ ತಮ್ಮ ತಮ್ಮ ಊರಿನ ಹುಡೇವಿನ ಸುತ್ತಳತೆ, ಎತ್ತರ, ಬಾಗಿಲ ದಿಕ್ಕು ಇವುಗಳನ್ನು ಅಳೆದು, ಉತ್ತರದಿಕ್ಕನ್ನು ಗುರುತಿಸಿ ನಕ್ಷೆಯನ್ನು ಬರೆಯಿಸಬಹುದು. ಹಿರಿಯರು ಹೇಳುವ ಬುರುಜುಗಳ ಹೆಸರುಗಳನ್ನೂ ಪಕ್ಕದ ಹೊಲಗಳ ಹೆಸರು ಮತ್ತು ಸರ್ವೆ ನಂಬರುಗಳನ್ನೂ ಅದರಲ್ಲಿ ಸೇರಿಸಿ, ತಾರೀಖನ್ನು ಹಾಕಿ, ಒಂದು ಪ್ರತಿಯನ್ನು ಶಾಲೆಯಲ್ಲಿಯೂ ಇನ್ನೊಂದನ್ನು ಗ್ರಂಥಾಲಯದಲ್ಲಿಯೂ ಇರಿಸಬೇಕು. ಇದಕ್ಕೆ ಬೇಕಾದುದು ಅಳತೆಯ ಪಟ್ಟಿ, ಕಾಗದ, ನಾಲ್ಕು ದಿನಗಳ ಶ್ರದ್ಧೆ. ಮಳೆಗಾಲಕ್ಕೊಂದು ಕಲ್ಲು ಜಾರುತ್ತಿರುವಾಗ ಈ ಕಾರ್ಯವನ್ನು ಮುಂದೂಡುವುದು ಯುಕ್ತವಲ್ಲ.